ಊರೂರಿನ ಅತಿಥಿ ಕಾರ್ಲೊಸ್ ಗಾರ್ದೆಲ್

ತಿಥಿಯನ್ನು ನಿಶ್ಚಯಿಸದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಆ ಶಬ್ದಕ್ಕೆ ಅರ್ಥ ಹೇಳಿದರು. ಈ ಲಕ್ಷಣದಿಂದ ನೋಡಿದರೆ ಊರೂರು ಸಂಚರಿಸುವ ಕಲಾವಿದನು ಅತಿಥಿಯೇ ಅಲ್ಲ. ಅವನು ಬರುವ ದಿನವನ್ನು ಭಿತ್ತಿಪತ್ರಗಳು ವಾರಗಳ ಮುಂಚೆಯೇ ಸಾರಿರುತ್ತವೆ. ತಂಗುವ ಕೋಣೆ, ಹಾಡುವ ರಂಗಮಂದಿರ, ಹೊರಡುವ ವಾಹನದ ಹೊತ್ತು ಎಲ್ಲವೂ ಕರಾರುಪತ್ರದಲ್ಲಿ ನಮೂದಾಗಿರುತ್ತವೆ. ಆದರೂ ಜನ ಅವನನ್ನು ಕೂಲಿಗೆ ಬಂದವನಂತೆ ಕಾಣುವುದಿಲ್ಲ. ಬಹುಕಾಲದ ಮೇಲೆ ಮನೆಗೆ ಬಂದ ನೆಂಟನನ್ನು ಎದುರುಗೊಳ್ಳುವಂತೆ ಎದುರುಗೊಳ್ಳುತ್ತಾರೆ. ಬರುವ ದಿನ ಗೊತ್ತಿದ್ದರೂ ಹೋಗುವ ದಿನ ಗೊತ್ತಿಲ್ಲದಿದ್ದ ಇಂಥ ಒಬ್ಬ ಅತಿಥಿ ಟ್ಯಾಂಗೊ ಗಾಯಕ ಕಾರ್ಲೊಸ್ ಗಾರ್ದೆಲ್. 1935ರ ಬೇಸಿಗೆಯಲ್ಲಿ ಕೆರಿಬಿಯನ್ ಕಡಲಿನ ದ್ವೀಪಗಳೂ ಅದರ ದಡದ ದೇಶಗಳೂ ಅವನನ್ನು ಒಂದರ ಹಿಂದೊಂದರಂತೆ ಬರಮಾಡಿಕೊಂಡವು. ಕೊನೆಯದಾಗಿ ಬರಮಾಡಿಕೊಂಡ ಊರು ಅವನನ್ನು ಬೀಳ್ಕೊಡಲಾಗಲಿಲ್ಲ.

ಗಾರ್ದೆಲ್ ಹುಟ್ಟಿನಿಂದಲೇ ಪರಸ್ಥಳದವನು. 1890ನೆಯ ಡಿಸೆಂಬರ್ 11ರಂದು ಫ್ರಾನ್ಸಿನ ತುಲೂಸ್ ಪಟ್ಟಣದ ಧರ್ಮಾಸ್ಪತ್ರೆಯೊಂದರಲ್ಲಿ ಅವನ ಜನನವಾಯಿತು. ತಾಯಿ ಬರ್ತ್ ಗಾರ್ದೆಸ್ ಅವಿವಾಹಿತೆ. ಜನನಪತ್ರದಲ್ಲಿ ತಂದೆಯ ಹೆಸರಿಲ್ಲ. ಅಂದಿನ ಸಮಾಜದಲ್ಲಿ ಇಂಥ ತಾಯಿಗೆ ತವರಿನಲ್ಲಿ ತಲೆಯೆತ್ತಿ ಬಾಳುವುದು ಸುಲಭವಿರಲಿಲ್ಲ. ಎರಡು ವರ್ಷ ತುಂಬಿ ಕೆಲವೇ ತಿಂಗಳಾಗಿದ್ದ ಮಗುವನ್ನು ಎತ್ತಿಕೊಂಡು ಆಕೆ ಹಡಗು ಹತ್ತಿ, 1893ರ ಮಾರ್ಚ್ ತಿಂಗಳಲ್ಲಿ ಅರ್ಜೆಂಟೀನದ ರಾಜಧಾನಿ ಬ್ಯೂನಸ್ ಐರಿಸಿಗೆ ಬಂದಳು. ಅಲ್ಲಿ ಬಟ್ಟೆಗಳಿಗೆ ಇಸ್ತ್ರಿ ಮಾಡಿ ಮಗನನ್ನು ಸಾಕಿದಳು. ಶಾರ್ಲ್ ಎಂಬ ಫ್ರೆಂಚ್ ಹೆಸರು ನೆರೆಹೊರೆಯವರ ಬಾಯಲ್ಲಿ ಕಾರ್ಲೊಸ್ ಆಯಿತು. ಗಾರ್ದೆಸ್ ಎಂಬುದು ಮುಂದೆ ಗಾರ್ದೆಲ್ ಆಯಿತು.

ಆ ಕಾಲದ ಬ್ಯೂನಸ್ ಐರಿಸ್ ವಲಸೆಗಾರರ ನಗರ. ಇಟಲಿ, ಸ್ಪೇನ್ ಮತ್ತು ಪೂರ್ವ ಯೂರೋಪಿನ ಬಡಜನ ಹಡಗುಗಟ್ಟಲೆ ಬಂದು ಇಳಿಯುತ್ತಿದ್ದರು. ಒಂದು ಅಂಗಳದ ಸುತ್ತ ಹತ್ತಾರು ಕೋಣೆಗಳಿರುವ ವಠಾರಗಳಲ್ಲಿ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ಒಂದೊಂದು ಭಾಷೆಯಲ್ಲಿ ಬದುಕುತ್ತಿತ್ತು. ಟ್ಯಾಂಗೊ ಹುಟ್ಟಿದ್ದು ಇಂಥ ಬದುಕಿನ ನಡುವೆ. ಲಾ ಪ್ಲಾಟಾ ನದೀಮುಖದ ಎರಡು ದಡಗಳಲ್ಲಿರುವ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ನಗರಗಳು ಅದರ ತೊಟ್ಟಿಲು. ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿಯ ತಾಳ, ಕ್ಯೂಬಾದ ಹಬನೇರಾ ಲಯ, ಹುಲ್ಲುಗಾವಲಿನ ಗೋಪಾಲರ ಹಾಡು, ಜರ್ಮನಿಯಲ್ಲಿ ತಯಾರಾದ ಬ್ಯಾಂಡೋನಿಯನ್ ಎಂಬ ತಿದಿವಾದ್ಯ ಇವೆಲ್ಲ ಕೂಡಿ ಆ ನೃತ್ಯವಾಯಿತು. ಗಂಡು ಹೆಣ್ಣು ಅಷ್ಟು ನಿಕಟವಾಗಿ ನಿಂತು ಕುಣಿಯುವ ಆ ಕಲೆಯನ್ನು ಕುಲೀನರ ಮನೆಗಳು ಬಹುಕಾಲ ಹೊಸ್ತಿಲ ಹೊರಗೇ ನಿಲ್ಲಿಸಿದವು. ಮೊದಲನೆಯ ಮಹಾಯುದ್ಧಕ್ಕೆ ಮುಂಚಿನ ಒಂದೆರಡು ವರ್ಷಗಳಲ್ಲಿ ಅರ್ಜೆಂಟೀನದ ನರ್ತಕರು ಪ್ಯಾರಿಸಿಗೆ ಹೋಗಿ ಕುಣಿದಾಗ ಆ ನಗರಕ್ಕೆ ಟ್ಯಾಂಗೊ ಹುಚ್ಚು ಹಿಡಿಯಿತು. ಪ್ಯಾರಿಸ್ ಮೆಚ್ಚಿದ್ದನ್ನು ಬ್ಯೂನಸ್ ಐರಿಸಿನ ಶ್ರೀಮಂತರು ನಿರಾಕರಿಸಲಾರದೆ ಹೋದರು. ಹೀಗೆ ಹೊರಗೆ ಹೋಗಿ ಸತ್ಕಾರ ಪಡೆದು ಬಂದ ಮೇಲೆಯೇ ಆ ಕಲೆಗೆ ಸ್ವಂತ ಮನೆಯಲ್ಲಿ ಮಣೆ ಹಾಕಿದ್ದು.

ಗಾರ್ದೆಲ್ ಬೆಳೆದದ್ದು ಅಬಾಸ್ತೊ ಎಂಬ ದೊಡ್ಡ ತರಕಾರಿ ಮಾರುಕಟ್ಟೆಯ ಆಸುಪಾಸಿನಲ್ಲಿ. ಹುಡುಗನಾಗಿದ್ದಾಗಲೇ ರಂಗಮಂದಿರಗಳ ತೆರೆಯ ಹಿಂದೆ ಚಿಲ್ಲರೆ ಕೆಲಸಗಳನ್ನು ಮಾಡುತ್ತ, ದೊಡ್ಡ ಗಾಯಕರು ಹಾಡುವುದನ್ನು ಮರೆಯಲ್ಲಿ ನಿಂತು ಕೇಳುತ್ತ ಕಲಿತನು. ಮಾರುಕಟ್ಟೆಯ ಕಾಫಿಯಂಗಡಿಗಳಲ್ಲಿ ಗಿಟಾರು ಹಿಡಿದು ಹಳ್ಳಿಗಾಡಿನ ಹಾಡುಗಳನ್ನು ಹಾಡುತ್ತಿದ್ದ ಅವನಿಗೆ ಕ್ರಮೇಣ ಅಬಾಸ್ತೊವಿನ ಕಪ್ಪುಗೂದಲ ಹುಡುಗನೆಂಬ ಹೆಸರು ಬಂತು. ಉರುಗ್ವೆ ದೇಶದವನಾದ ಹೊಸೆ ರಸಾನೊ ಎಂಬ ಗಾಯಕನ ಜೊತೆಗೂಡಿದ ಮೇಲೆ ಇಬ್ಬರ ಕಂಠವೂ ಮೇಳವಿಸಿ ಆ ಜೋಡಿ ಪ್ರಸಿದ್ಧವಾಯಿತು. 1915ರ ಡಿಸೆಂಬರಿನಲ್ಲಿ, ಅವನ ಹುಟ್ಟುಹಬ್ಬದ ರಾತ್ರಿ, ಬೀದಿಜಗಳವೊಂದರಲ್ಲಿ ಯಾರೋ ಹಾರಿಸಿದ ಗುಂಡು ಅವನ ಎದೆಯನ್ನು ಹೊಕ್ಕಿತು. ವೈದ್ಯರು ಅದನ್ನು ಹೊರತೆಗೆಯಲಿಲ್ಲ. ಲೋಕ ಮೆಚ್ಚಿದ ಆ ಕಂಠದ ಉಸಿರೆಲ್ಲವೂ ಮುಂದಿನ ಇಪ್ಪತ್ತು ವರ್ಷ ಗುಂಡು ಹುದುಗಿದ್ದ ಎದೆಯಿಂದಲೇ ಹೊರಟಿತು.

1917ರವರೆಗೆ ಟ್ಯಾಂಗೊ ಮುಖ್ಯವಾಗಿ ಕಾಲುಗಳ ಕಲೆ. ಅದಕ್ಕೆ ಹೊಂದಿಸಿದ ಮಾತುಗಳು ಇದ್ದರೂ ಅವು ಹೆಚ್ಚಾಗಿ ಹಗುರವಾದ ಕುಚೋದ್ಯಗಳು. ಸಾಮ್ಯುಯೆಲ್ ಕಾಸ್ತ್ರಿಯೋತ ಎಂಬ ಸಂಗೀತಗಾರನ ವಾದ್ಯರಚನೆಯೊಂದಕ್ಕೆ ಪಾಸ್ಕ್ವಾಲ್ ಕೊಂತುರ್ಸಿ ಎಂಬ ಕವಿ, ಪ್ರಿಯೆಯಿಂದ ಪರಿತ್ಯಕ್ತನಾದವನೊಬ್ಬನ ಅಳಲನ್ನು ಪದ್ಯವಾಗಿ ಹೊಂದಿಸಿದನು. ಮೀ ನೋಚೆ ತ್ರಿಸ್ತೆ ಎಂಬ ಆ ಹಾಡನ್ನು ಗಾರ್ದೆಲ್ ಆ ವರ್ಷ ಹಾಡಿ ಮುದ್ರಿಸಿದನು. ಅಲ್ಲಿಂದ ಟ್ಯಾಂಗೊ ಕೇಳುವ ಕಲೆಯೂ ಆಯಿತು. ಒಂದು ಹಾಡಿನ ಮೂರು ನಿಮಿಷಗಳೊಳಗೆ ಒಂದು ಸಂಸಾರದ ಕಥೆ, ಒಂದು ಬೀದಿಯ ಚಿತ್ರ, ಒಂದು ಬಾಳಿನ ಸೋಲು ಅಡಗಬಲ್ಲವೆಂಬುದನ್ನು ಅವನು ತೋರಿಸಿಕೊಟ್ಟನು. ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು: ಟ್ಯಾಂಗೊವಿಗೆ ಲೋಕಪ್ರಸಿದ್ಧಿಯನ್ನು ತಂದ ಈ ಗಾಯಕನ ಧ್ವನಿಮುದ್ರಿಕೆಗಳಿಗೆ ನರ್ತಕರು ಸಾಮಾನ್ಯವಾಗಿ ಕುಣಿಯುವುದಿಲ್ಲ. ಗಾರ್ದೆಲ್ ಹಾಡಿದರೆ ನಿಂತು ಕೇಳಬೇಕು ಎಂಬುದು ಟ್ಯಾಂಗೊ ಶಾಲೆಗಳ ಅಲಿಖಿತ ನಿಯಮ. ಕುಣಿಯುವವರು ತಮ್ಮ ಕಾಲನ್ನು ತಡೆದು ಸಲ್ಲಿಸುವ ಈ ಗೌರವ ಬೇರಾವ ಗಾಯಕನಿಗೂ ಇಷ್ಟರಮಟ್ಟಿಗೆ ಸಂದಂತಿಲ್ಲ.

ಕೀರ್ತಿ ಬಂದಂತೆ ಸಂಚಾರವೂ ಹೆಚ್ಚಿತು. 1923ರ ಕೊನೆಯಲ್ಲಿ ಅವನೂ ರಸಾನೊವೂ ನಾಟಕ ಮಂಡಳಿಯೊಂದರ ಜೊತೆಗೆ ಸ್ಪೇನಿಗೆ ಹೋಗಿ ಮ್ಯಾಡ್ರಿಡ್ಡಿನಲ್ಲಿ ಹಾಡಿದರು. 1925ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಯುವರಾಜ ಅರ್ಜೆಂಟೀನಕ್ಕೆ ಬಂದಾಗ, ಹುಯೆತೆಲ್ ಎಂಬಲ್ಲಿಯ ಭೂಮಾಲಿಕರ ಮಹಲಿನಲ್ಲಿ ಅತಿಥಿಯ ವಿನೋದಕ್ಕೆಂದು ಇವರಿಬ್ಬರನ್ನೂ ಕರೆಸಿದರು. ಹಿಂದಿನ ವರ್ಷವಷ್ಟೇ ರವೀಂದ್ರನಾಥ ಠಾಕೂರರು ಅಸ್ವಸ್ಥರಾಗಿ ಬ್ಯೂನಸ್ ಐರಿಸಿನ ಬಳಿಯ ನದೀತೀರದಲ್ಲಿ ವಿಕ್ಟೋರಿಯಾ ಒಕಾಂಪೊ ಅವರ ಆತಿಥ್ಯದಲ್ಲಿ ತಂಗಿದ್ದುದನ್ನು ನಮ್ಮ ವಾಚಕರು ಬಲ್ಲರು. ದೂರದವರನ್ನು ಬರಮಾಡಿಕೊಂಡು ಉಪಚರಿಸುವುದು ಆ ನಾಡಿನ ದೊಡ್ಡ ಮನೆಗಳಿಗೆ ಪ್ರತಿಷ್ಠೆಯ ವಿಷಯವಾಗಿತ್ತು. ಇಸ್ತ್ರಿಯವಳ ಮಗ ಅಂಥ ಮಹಲಿನ ಹಜಾರದಲ್ಲಿ ರಾಜಪುತ್ರನ ಎದುರು ಹಾಡಿದ್ದು, ಟ್ಯಾಂಗೊ ಎಷ್ಟು ದೂರ ನಡೆದು ಬಂದಿತ್ತೆಂಬುದಕ್ಕೆ ಸಾಕ್ಷಿ.

ಅದೇ ವರ್ಷ ರಸಾನೊವಿನ ಕಂಠ ಕೆಟ್ಟು ಜೋಡಿ ಮುರಿಯಿತು. ಗಾರ್ದೆಲ್ ಒಬ್ಬನೇ ಬಾರ್ಸಿಲೋನಕ್ಕೆ ಹೋದನು. 1928ರಲ್ಲಿ ಪ್ಯಾರಿಸಿನ ಫ್ಲೋರಿಡಾ ಎಂಬ ಕ್ಯಾಬರೆಯಲ್ಲಿ ಹಾಡಿ ಆ ನಗರವನ್ನು ಗೆದ್ದನು. ಪ್ಯಾರಿಸಿನ ಬಳಿಯ ಝ್ವಾನ್‌ವಿಲ್ ಸ್ಟುಡಿಯೋಗಳಲ್ಲಿ ಪ್ಯಾರಮೌಂಟ್ ಕಂಪನಿಗಾಗಿ 1931ರಿಂದ ವಾಕ್ಚಿತ್ರಗಳಲ್ಲಿ ನಟಿಸಿದನು. ಇಲ್ಲಿಯೇ ಆಲ್ಫ್ರೆಡೊ ಲೆ ಪೆರಾ ಎಂಬ ಲೇಖಕನ ಸಖ್ಯ ಬೆಳೆಯಿತು. ಇವನು ಕಥೆಯನ್ನೂ ಹಾಡಿನ ಸಾಹಿತ್ಯವನ್ನೂ ಬರೆಯುವನು, ಗಾರ್ದೆಲ್ ಸ್ವರ ಹಾಕುವನು. ಬ್ಯೂನಸ್ ಐರಿಸಿನ ಬೀದಿಮಾತನ್ನು ಇತರ ಸ್ಪ್ಯಾನಿಷ್ ಭಾಷಿಕರು ಅಷ್ಟಾಗಿ ಅರಿಯರು. ಆದ್ದರಿಂದ ಲೆ ಪೆರಾ ಆ ಬೀದಿಮಾತನ್ನು ಮಿತಗೊಳಿಸಿ, ಎಲ್ಲ ಸ್ಪ್ಯಾನಿಷ್ ನಾಡುಗಳಿಗೂ ತಿಳಿಯುವ ನಿರ್ಮಲವಾದ ನುಡಿಯಲ್ಲಿ ಬರೆದನು. ಈ ಚಿತ್ರಗಳನ್ನು ತೋರಿಸುವಾಗ ಪ್ರೇಕ್ಷಕರು ಗದ್ದಲ ಮಾಡಿ, ಚಿತ್ರವನ್ನು ನಿಲ್ಲಿಸಿ ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಹಾಡನ್ನು ಮತ್ತೆ ಮತ್ತೆ ಹಾಕಿಸುತ್ತಿದ್ದರೆಂದು ಹೇಳುತ್ತಾರೆ. ಅವನನ್ನು ಕಣ್ಣಾರೆ ಕಾಣದ ಊರುಗಳು ಹೀಗೆ ಅವನ ಬರವನ್ನು ಕಾಯತೊಡಗಿದವು.

1933ನೆಯ ನವೆಂಬರ್ 7ರಂದು ಅವನು ಬ್ಯೂನಸ್ ಐರಿಸನ್ನು ಬಿಟ್ಟು ಹಡಗು ಹತ್ತಿದನು. ಆ ದಿನಾಂಕವನ್ನೇ ಹೊತ್ತ ಅವನ ಸ್ವಹಸ್ತದ ಮರಣಶಾಸನವೊಂದು ಮುಂದೆ ಬೆಳಕಿಗೆ ಬಂತು. ತಾನು ತುಲೂಸಿನಲ್ಲಿ ಹುಟ್ಟಿದ ಫ್ರೆಂಚನೆಂದೂ ತನ್ನದೆಲ್ಲವೂ ತಾಯಿಗೆ ಸೇರಬೇಕೆಂದೂ ಅದರಲ್ಲಿ ಬರೆದಿದ್ದನು. ಅಲ್ಲಿಯವರೆಗೆ ಅವನು ಬೇರೆಯೇ ಮಾತು ಹೇಳಿಕೊಂಡು ಬಂದಿದ್ದನು. 1920ರಲ್ಲಿ ಉರುಗ್ವೆಯ ದೂತಾವಾಸದಲ್ಲಿ ತಾನು ಆ ದೇಶದ ತಕ್ವಾರೆಂಬೊ ಎಂಬ ಊರಿನಲ್ಲಿ ಹುಟ್ಟಿದವನೆಂದು ದಾಖಲೆ ಮಾಡಿಸಿದ್ದನು. 1923ರಲ್ಲಿ ಅರ್ಜೆಂಟೀನದ ಪೌರತ್ವ ಪಡೆದನು. ಫ್ರಾನ್ಸಿನಲ್ಲಿ ಹುಟ್ಟಿದ ಗಂಡಸು ಮಹಾಯುದ್ಧದ ಸೇನೆಗೆ ಹಾಜರಾಗದಿದ್ದುದು ಅಪರಾಧವಾಗುತ್ತಿದ್ದುದರಿಂದ ಈ ಮರೆಯನ್ನು ಹೊದ್ದನೆಂದು ಜೀವನಚರಿತ್ರಕಾರರು ಹೇಳುತ್ತಾರೆ. ಉರುಗ್ವೆಯ ಅಭಿಮಾನಿಗಳು ಇದನ್ನೊಪ್ಪದೆ ಅವನು ನಮ್ಮವನೇ ಎಂದು ವಾದಿಸುತ್ತಾರೆ. ಮೂರು ದೇಶಗಳು ಒಬ್ಬನನ್ನು ತಮ್ಮ ಮಗನೆಂದು ಕರೆಯುವುದು ಗೌರವದ ಸಂಗತಿಯೇ. ಆದರೆ ಬದುಕಿರುವಾಗ ಅವನು ಯಾವ ದೇಶದಲ್ಲಿಯೂ ನಿಸ್ಸಂಕೋಚವಾಗಿ ತಾನು ಹುಟ್ಟಿದ ಊರಿನ ಹೆಸರು ಹೇಳಲಾರದೆ ಬಾಳಿದನೆಂಬುದನ್ನು ಮರೆಯಬಾರದು.

ಆ ವರ್ಷದ ಕೊನೆಗೆ ನ್ಯೂಯಾರ್ಕ್ ತಲಪಿದ ಗಾರ್ದೆಲ್ ಅಲ್ಲಿ ರೇಡಿಯೋದಲ್ಲಿ ಹಾಡಿ, ನಾಲ್ಕು ಚಿತ್ರಗಳಲ್ಲಿ ನಟಿಸಿದನು. ಇಂಗ್ಲಿಷ್ ಅವನಿಗೆ ಒಗ್ಗಲಿಲ್ಲ, ಚಳಿಯೂ ಒಗ್ಗಲಿಲ್ಲ. ಅಲ್ಲಿ ನೆಲಸಿದ್ದ ವಿಸೆಂತೆ ಪಿಯಾತ್ಸೊಲ್ಲಾ ಎಂಬ ಅರ್ಜೆಂಟೀನದ ಕ್ಷೌರಿಕ ಅವನ ಪರಮಭಕ್ತ. ತಾನು ಮರದಲ್ಲಿ ಕೆತ್ತಿದ ಬೊಂಬೆಯೊಂದನ್ನು ಮಗನ ಕೈಯಲ್ಲಿ ಕೊಟ್ಟು ಗಾಯಕನ ಬಿಡಾರಕ್ಕೆ ಕಳುಹಿಸಿದನು. ಹದಿಮೂರರ ಆ ಹುಡುಗ ಅಸ್ತೋರ್ ಇಂಗ್ಲಿಷ್ ಬಲ್ಲವನು, ಬ್ಯಾಂಡೋನಿಯನ್ ನುಡಿಸುವವನು. ಅಂಗಡಿ ಬೀದಿಗಳಲ್ಲಿ ಗಾರ್ದೆಲ್‌ಗೆ ದುಭಾಷಿಯಾಗಿ ಸುತ್ತಿದನು. ಎಲ್ ದಿಯಾ ಕೆ ಮೆ ಕಿಯೆರಾಸ್ ಎಂಬ ಚಿತ್ರದಲ್ಲಿ ಪತ್ರಿಕೆ ಮಾರುವ ಹುಡುಗನ ಪುಟ್ಟ ಪಾತ್ರವನ್ನೂ ಪಡೆದನು. ದೊಡ್ಡ ಭೂಮಾಲಿಕರ ಆತಿಥ್ಯಕ್ಕಿಂತ ಈ ಬಡ ಕ್ಷೌರಿಕನ ಆತಿಥ್ಯ ಗಾಯಕನಿಗೆ ಹೆಚ್ಚು ಹಿತವಾಗಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ಅವನಿಗೆ ತನ್ನ ಊರಿನ ಮಾತು ಕೇಳುತ್ತಿತ್ತು. ಮುಂದಿನ ಪ್ರವಾಸಕ್ಕೆ ಹುಡುಗನನ್ನೂ ಕರೆದೊಯ್ಯುವೆನೆಂದು ಅವನು ಹೇಳಿದಾಗ, ಮಗ ಇನ್ನೂ ಚಿಕ್ಕವನೆಂದು ತಂದೆ ಒಪ್ಪಲಿಲ್ಲ. ಒಲ್ಲೆನೆಂದ ಆ ಒಂದು ಮಾತಿನಿಂದ, ಟ್ಯಾಂಗೊವಿಗೆ ಮುಂದೆ ಹೊಸ ರೂಪ ಕೊಟ್ಟ ಅಸ್ತೋರ್ ಪಿಯಾತ್ಸೊಲ್ಲಾ ಲೋಕಕ್ಕೆ ಉಳಿದನು.

1935ರ ಮಾರ್ಚಿನಲ್ಲಿ ಗಾರ್ದೆಲ್ ವೊಲ್ವೆರ್ ಎಂಬ ಹಾಡನ್ನು ಮುದ್ರಿಸಿದನು. ವೊಲ್ವೆರ್ ಎಂದರೆ ಹಿಂದಿರುಗುವುದು. ಬಹುವರ್ಷಗಳ ಮೇಲೆ ನರೆತ ತಲೆಯಲ್ಲಿ ಊರಿಗೆ ಮರಳುವವನ ಅಂಜಿಕೆ ಅದರ ವಸ್ತು. ಅದೇ ತಿಂಗಳ ಕೊನೆಗೆ ಅವನು ಲೆ ಪೆರಾ ಮತ್ತು ಗಿಟಾರು ವಾದಕರಾದ ಬಾರ್ಬಿಯೆರಿ, ರಿವೆರೋಲ್, ಆಗಿಲಾರ್ ಮೊದಲಾದವರೊಡನೆ ನ್ಯೂಯಾರ್ಕಿನಿಂದ ಹೊರಟನು. ಏಪ್ರಿಲ್ 1ರಂದು ಪೋರ್ಟೊರಿಕೊದ ಸಾನ್ ಹ್ವಾನ್ ರೇವಿನಲ್ಲಿ ಜನಸಾಗರವೇ ನೆರೆದಿತ್ತು. ಆ ಪುಟ್ಟ ದ್ವೀಪದ ಊರೂರುಗಳೂ ಕರೆದದ್ದರಿಂದ ಅವರು ಅಲ್ಲಿ ಮೂರು ವಾರಗಳಿಗೂ ಮೀರಿ ನಿಂತರು. ಅಲ್ಲಿಂದ ವೆನಿಜುವೆಲಾ. ಕಾರಾಕಾಸಿನ ಜನರಿಗೆ ಹಾಡಿದಂತೆಯೇ ಆ ದೇಶವನ್ನು ಬಹುಕಾಲ ಆಳಿದ ಸರ್ವಾಧಿಕಾರಿ ಹ್ವಾನ್ ವಿಸೆಂತೆ ಗೊಮೆಸ್‌ನ ಎದುರಿಗೂ ಹಾಡಬೇಕಾಯಿತು. ಅವನು ಕೊಟ್ಟ ಹಣದ ಉಡುಗೊರೆಯನ್ನು ಗಾರ್ದೆಲ್ ಮುಂದಿನ ನಿಲುಗಡೆಯಾದ ಕುರಸಾವ್ ದ್ವೀಪದಲ್ಲಿ, ಅದೇ ಸರ್ವಾಧಿಕಾರಿಗೆ ಹೆದರಿ ದೇಶ ಬಿಟ್ಟಿದ್ದವರಿಗೆ ಹಂಚಿದನೆಂಬ ಕಥೆ ಪ್ರಚಾರದಲ್ಲಿದೆ. ಕಥೆ ನಿಜವಿರಲಿ ಇಲ್ಲದಿರಲಿ, ಜನ ಅವನಲ್ಲಿ ಎಂಥ ಗುಣವನ್ನು ಕಾಣಬಯಸಿದರೆಂಬುದು ಅದರಿಂದ ತಿಳಿಯುತ್ತದೆ.

ಜೂನ್ ಮೊದಲ ವಾರದಲ್ಲಿ ತಂಡ ಕೊಲಂಬಿಯಾದ ಕರಾವಳಿಗೆ ಬಂತು. ಬಾರಂಕಿಯಾ, ಕಾರ್ತಹೇನಾ, ಮೆದೆಯಿನ್, ಕೊನೆಗೆ ರಾಜಧಾನಿ ಬೊಗೊಟಾ. ಆ ದೇಶದ ನಡುವೆ ಆಂಡಿಸ್ ಪರ್ವತದ ಮೂರು ಶ್ರೇಣಿಗಳು ಹಾಯುತ್ತವೆ. ಒಂದೂರಿನಿಂದ ಇನ್ನೊಂದೂರಿಗೆ ನೆಲದ ಮೇಲೆ ಹೋಗಬೇಕಾದರೆ ದಿನಗಳೇ ಬೇಕು. ವಾರಕ್ಕೆ ಹಲವು ಊರುಗಳಲ್ಲಿ ಹಾಡುವುದಾಗಿ ಕರಾರು ಮಾಡಿಕೊಂಡವರಿಗೆ ವಿಮಾನವಲ್ಲದೆ ಗತ್ಯಂತರವಿಲ್ಲ. ಬೊಗೊಟಾದಲ್ಲಿ ವಿಮಾನ ಇಳಿದಾಗ ಜನ ನಿಲ್ದಾಣದೊಳಕ್ಕೇ ನುಗ್ಗಿದರು. ಜೂನ್ 23ರ ರಾತ್ರಿ ಆ ನಗರದ ರೇಡಿಯೋ ನಿಲಯದಿಂದ ಅವನು ವಿದಾಯದ ಹಾಡುಗಳನ್ನು ಹಾಡಿದನು. ನಿಲಯದ ಒಳಗೂ ಹೊರಗಿನ ಚೌಕದಲ್ಲಿಯೂ ಜನ ಕಿಕ್ಕಿರಿದಿದ್ದರು. ಆ ಕಂಠವನ್ನು ಲೋಕ ನೇರವಾಗಿ ಕೇಳಿದ್ದು ಅದೇ ಕೊನೆ.

ಮರುದಿನ, 1935ನೆಯ ಜೂನ್ 24, ಸೋಮವಾರ. ತಂಡವು ಕಾಲಿ ನಗರಕ್ಕೆ ಹೋಗುವ ದಾರಿಯಲ್ಲಿ ಮೆದೆಯಿನ್‌ನಲ್ಲಿ ಇಳಿಯಿತು. ಇಂಧನ ತುಂಬಿಸಿಕೊಂಡು ಹೊರಡುವುದಷ್ಟೇ ಉದ್ದೇಶ. ಎರಡು ವಾರದ ಹಿಂದೆ ಅವನ ಹಾಡು ಕೇಳಿದ್ದ ಜನ ಇನ್ನೊಮ್ಮೆ ಅವನ ಮುಖ ನೋಡಲು ವಿಮಾನನಿಲ್ದಾಣಕ್ಕೆ ಬಂದಿದ್ದರು. ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ, ಸಾಕೊ ಎಂಬ ಸಂಸ್ಥೆಯ ಒಡೆಯನೂ ಚಾಲಕನೂ ಆದ ಎರ್ನೆಸ್ತೊ ಸಾಂಪೆರ್ ಮೆಂದೋಸಾ ಮೂರು ಎಂಜಿನುಗಳ ಫೋರ್ಡ್ ವಿಮಾನವನ್ನು ಓಡಿಸತೊಡಗಿದನು. ಅದು ನೇರದಾರಿಯನ್ನು ಬಿಟ್ಟು ಬಲಕ್ಕೆ ಸರಿದು, ತನ್ನ ಸರದಿಗಾಗಿ ಕಾದು ನಿಂತಿದ್ದ ಎದುರಾಳಿ ಸಂಸ್ಥೆ ಸ್ಕಾಡ್ತಾದ ವಿಮಾನಕ್ಕೆ ಅಪ್ಪಳಿಸಿತು. ಇಂಧನ ತುಂಬಿದ್ದ ಎರಡೂ ವಿಮಾನಗಳು ಹೊತ್ತಿ ಉರಿದವು. ಆ ದುರಂತದಲ್ಲಿ ಹದಿನೇಳು ಮಂದಿ ತೀರಿಕೊಂಡರು. ಗಾರ್ದೆಲ್, ಲೆ ಪೆರಾ, ಬಾರ್ಬಿಯೆರಿ ಅಲ್ಲಿಯೇ ಮಡಿದರು. ರಿವೆರೋಲ್ ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡನು. ಬದುಕಿ ಉಳಿದ ಆಗಿಲಾರ್ ಸುಟ್ಟ ಗಾಯಗಳ ಗುರುತನ್ನು ಜೀವಮಾನವಿಡೀ ಹೊತ್ತನು. ಮೈದಾನಕ್ಕೆ ಅಡ್ಡಲಾಗಿ ಬೀಸಿದ ಗಾಳಿಯೇ ಕಾರಣವೆಂದು ವಿಚಾರಣೆಯಲ್ಲಿ ಹೇಳಿದರು. ಎರಡು ಸಂಸ್ಥೆಗಳ ಪೈಪೋಟಿಯ ಮಾತು, ಚಾಲಕರ ಹಟದ ಮಾತು ಜನರ ಬಾಯಲ್ಲಿ ಇಂದಿಗೂ ಇವೆ. ಕಾಲಿ, ಪನಾಮಾ, ಹವಾನಾ, ಮೆಕ್ಸಿಕೊಗಳು ಕಾದು ನಿರಾಶೆಗೊಂಡವು.

ಆತಿಥ್ಯದ ನಿಜವಾದ ಪರೀಕ್ಷೆ ನಡೆದದ್ದು ಆಮೇಲೆ. ಹೂಮಾಲೆ, ಜಯಕಾರ, ಭೋಜನಕೂಟ ಇವು ಬದುಕಿರುವ ಅತಿಥಿಗೆ ಎಲ್ಲರೂ ಸಲ್ಲಿಸಬಲ್ಲ ಉಪಚಾರಗಳು. ಪರದೇಶದವನ ಸುಟ್ಟ ದೇಹವನ್ನು ತನ್ನವರದೆಂಬಂತೆ ಎತ್ತಿ ಮೆದೆಯಿನ್ ಮೆರವಣಿಗೆಯಲ್ಲಿ ಒಯ್ದಿತು. ತನ್ನ ಸಾನ್ ಪೆದ್ರೊ ಶ್ಮಶಾನದಲ್ಲಿ ಸ್ಥಳ ಕೊಟ್ಟಿತು. ಗಾರ್ದೆಲ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆರ್ಮಾಂದೊ ದೆಫೀನೊ ಪಾರ್ಥಿವ ಶರೀರವನ್ನು ಬ್ಯೂನಸ್ ಐರಿಸಿಗೆ ಒಯ್ಯುವುದಕ್ಕಾಗಿ ಬಂದಾಗ ಆರು ತಿಂಗಳು ಕಳೆದಿದ್ದವು. ಡಿಸೆಂಬರಿನಲ್ಲಿ ಹೊರಟ ಶವಪೆಟ್ಟಿಗೆ ಕೆಲದೂರ ರೈಲಿನಲ್ಲಿಯೂ, ರೈಲಿಲ್ಲದ ಮಲೆದಾರಿಯಲ್ಲಿ ಹೇಸರಗತ್ತೆಗಳ ಮೇಲೆಯೂ ಸಾಗಿ ಪೆಸಿಫಿಕ್ ತೀರದ ಬ್ಯುಯೆನಾವೆಂತೂರಾ ರೇವನ್ನು ಸೇರಿತು. ಬದುಕಿದ್ದಾಗ ಸಮಯ ಉಳಿಸಲೆಂದು ಆಕಾಶದಲ್ಲಿ ಹಾರಿದವನು, ಸತ್ತ ಮೇಲೆ ಆ ಪರ್ವತಗಳನ್ನು ಹೆಜ್ಜೆ ಹೆಜ್ಜೆಯಾಗಿ ಇಳಿದನು. ಪನಾಮಾ, ನ್ಯೂಯಾರ್ಕ್, ರಿಯೊ, ಮಾಂಟೆವಿಡಿಯೊಗಳನ್ನು ಹಾಯ್ದು 1936ರ ಫೆಬ್ರವರಿ 5ರಂದು ಹಡಗು ಬ್ಯೂನಸ್ ಐರಿಸ್ ಮುಟ್ಟಿತು. ಲೂನಾ ಪಾರ್ಕ್ ಕ್ರೀಡಾಮಂದಿರದಲ್ಲಿ ಜನ ರಾತ್ರಿಯೆಲ್ಲ ದರ್ಶನ ಪಡೆದರು. ಮರುದಿನ ಚಕರೀತಾ ಶ್ಮಶಾನದಲ್ಲಿ ಅವನನ್ನು ಮಣ್ಣುಮಾಡಿದರು. ಹಿಂದಿರುಗುವ ಹಾಡನ್ನು ಹಾಡಿದವನು ಹಿಂದಿರುಗಿದ್ದು ಹೀಗೆ.

ದುರ್ವಾರ್ತೆ ಬಂದಾಗ ತಾಯಿ ಬರ್ತ್ ತನ್ನ ತವರಾದ ತುಲೂಸಿನಲ್ಲಿದ್ದಳು. ನಲವತ್ತೆರಡು ವರ್ಷಗಳ ಹಿಂದೆ ಆ ಊರಿನಿಂದ ಹೊರಡುವಾಗ ಆಕೆಯ ಕೈಯಲ್ಲಿ ಮಗನಿದ್ದನು. ಈಗ ಮುಪ್ಪಿನಲ್ಲಿ ಮತ್ತೆ ಅದೇ ಕಡಲನ್ನು ದಾಟಿ ಬ್ಯೂನಸ್ ಐರಿಸಿಗೆ ಬಂದಳು. ಮಗನ ನೆನಪಿನಲ್ಲಿ ಎಂಟು ವರ್ಷ ಬಾಳಿ 1943ರಲ್ಲಿ ಕಣ್ಣು ಮುಚ್ಚಿದಳು. ಅಬಾಸ್ತೊ ಮಾರುಕಟ್ಟೆಯ ಹತ್ತಿರ ಮಗ ಆಕೆಗಾಗಿ ಕೊಂಡಿದ್ದ ಮನೆ 2003ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದೇ ವರ್ಷ ಯುನೆಸ್ಕೊ ಸಂಸ್ಥೆ ಅವನ ಮೂಲ ಧ್ವನಿಮುದ್ರಿಕೆಗಳನ್ನು ವಿಶ್ವದ ಸ್ಮೃತಿಪಟ್ಟಿಯಲ್ಲಿ ಸೇರಿಸಿತು. ಅರ್ಜೆಂಟೀನವು ಅವನ ಹುಟ್ಟಿದ ದಿನವನ್ನೇ ಟ್ಯಾಂಗೊ ದಿನವಾಗಿ ಆಚರಿಸುತ್ತದೆ.

ಚಕರೀತಾದಲ್ಲಿ ಸಮಾಧಿಯ ಮೇಲೆ ನಗುಮುಖದ ಕಂಚಿನ ಪ್ರತಿಮೆಯೊಂದಿದೆ. ಅದರ ಬೆರಳುಗಳ ನಡುವೆ ಅಭಿಮಾನಿಗಳು ಹೊತ್ತಿಸಿದ ಸಿಗರೇಟನ್ನು ಇಟ್ಟು ಹೋಗುತ್ತಾರೆ; ಮನೆಗೆ ಬಂದ ನೆಂಟನಿಗೆ ತಾಂಬೂಲ ಕೊಟ್ಟಷ್ಟು ಸಹಜವಾದ ಉಪಚಾರ ಅದು. ಅವನು ದಿನದಿನಕ್ಕೂ ಹೆಚ್ಚು ಚೆನ್ನಾಗಿ ಹಾಡುತ್ತಿದ್ದಾನೆಂದು ಆ ಊರಿನವರು ಹೇಳುವ ಮಾತು ಗಾದೆಯೇ ಆಗಿದೆ. ಇತ್ತ ಮೆದೆಯಿನ್ ಕೂಡ ಅವನನ್ನು ಬಿಟ್ಟುಕೊಟ್ಟಿಲ್ಲ. ಟ್ಯಾಂಗೊ ಹುಟ್ಟಿದ ನದಿಯಿಂದ ಸಾವಿರಾರು ಮೈಲಿ ದೂರದ ಆ ಬೆಟ್ಟದೂರಿನಲ್ಲಿ ಟ್ಯಾಂಗೊ ಬೇರೂರಿ ಬೆಳೆದಿದೆ. ಜೂನ್ ತಿಂಗಳಲ್ಲಿ ಅಲ್ಲಿ ಟ್ಯಾಂಗೊ ಉತ್ಸವ ನಡೆಯುತ್ತದೆ. ಬ್ಯೂನಸ್ ಐರಿಸಿನಿಂದ ನರ್ತಕರೂ ಗಾಯಕರೂ ಬರುತ್ತಾರೆ. ಊರು ಅವರನ್ನು ಎದುರುಗೊಳ್ಳುತ್ತದೆ. ಒಬ್ಬ ಅತಿಥಿಯನ್ನು ಕ್ಷೇಮವಾಗಿ ಕಳುಹಿಸಿಕೊಡಲಾಗದೆ ಹೋದ ಊರು, ಅವನ ಬಳಗದ ಕಲಾವಿದರನ್ನೆಲ್ಲ ಹೀಗೆ ಕರೆದು ಆದರಿಸಿ, ಕ್ಷೇಮವಾಗಿ ಬೀಳ್ಕೊಡುತ್ತಿದೆ.